ಹೆಣ್ಣು ಡಾಕ್ಟರು ಇಲ್ಲವೇ?

ಮಾನ್ಯ ಸಂಪಾದಕರೇ,

ಮೇ 12ರ ದಾದಿಯರ ದಿನಕ್ಕೆ ತಮ್ಮ ಪತ್ರಿಕೆ ಇಡೀ ಒಂದು ಪುಟವನ್ನು ನಮ್ಮಂಥವರಿಗಾಗಿ ಮೀಸಲಿಟ್ಟಿತ್ತು. ನೈಟಿಂಗೇಲ್ ಅವರ ಚಿತ್ರ, ಕೈಯಲ್ಲಿ ದೀಪ, ಪ್ರಮಾಣವಚನ ಎಲ್ಲವನ್ನೂ ಓದಿ ಸಂತೋಷಪಟ್ಟೆ. ಆದರೆ ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಮೇ 5ರಂದು, ನಾನು ಪ್ರತಿ ವರ್ಷ ಇನ್ನೊಬ್ಬರನ್ನು ನೆನೆಯುತ್ತೇನೆ. ಅವರ ಹೆಸರನ್ನು ನಮ್ಮ ಕಡೆಯ ಯಾವ ಪತ್ರಿಕೆಯಲ್ಲೂ ನಾನು ಈವರೆಗೆ ಕಂಡಿಲ್ಲ. ಅದಕ್ಕಾಗಿಯೇ ಈ ಪತ್ರ.

ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಗಂಗಾವತಿ, ಕಾರಟಗಿ ಸುತ್ತಿನವರಿಗೆ ‘ಕ್ಯಾಂಪು’ ಎಂದರೆ ಏನೆಂದು ಹೇಳಬೇಕಿಲ್ಲ. ತುಂಗಭದ್ರೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಗುಂಟೂರು, ಕೃಷ್ಣಾ ಜಿಲ್ಲೆಗಳ ಕಡೆಯಿಂದ ಬಂದ ರೈತರು ಹೊಲ ಕೊಂಡು, ಭತ್ತ ನಾಟಿ ಮಾಡಿ ಕಟ್ಟಿಕೊಂಡ ಊರುಗಳು. ಅಂಥ ಒಂದು ಕ್ಯಾಂಪಿನ ಅಜ್ಜಿ ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ದಿನ ಬಿಟ್ಟು ದಿನ ಬರುತ್ತಿದ್ದರು. ಹುಣ್ಣು ತೊಳೆಯುವಾಗ ಒಮ್ಮೆಯೂ ಮುಖ ಕಿವುಚಿದವರಲ್ಲ. ‘ನಾನು ಡಾಕ್ಟರಮ್ಮಗಾರ ಕೈಯಲ್ಲಿ ಹುಟ್ಟಿದವಳು, ನೋವಿಗೆ ಹೆದರುವುದಿಲ್ಲ’ ಎನ್ನುತ್ತಿದ್ದರು. ಯಾವ ಡಾಕ್ಟರಮ್ಮ ಎಂದು ಕೇಳಿದರೆ ‘ಗುಂಟೂರಿನ ಬಿಳಿ ಬಟ್ಟೆಯ ದೊರೆಸಾನಿ’ ಎನ್ನುವುದರಾಚೆಗೆ ಅವರಿಗೂ ಗೊತ್ತಿರಲಿಲ್ಲ.

ಒಮ್ಮೆ ಅವರಿಗೆ ನಡೆಯಲಾಗದೆ ಹೋದಾಗ ನಾನೇ ಕ್ಯಾಂಪಿಗೆ ಹೋಗಿ ಪಟ್ಟಿ ಕಟ್ಟಿದೆ. ಆಗ ಟ್ರಂಕಿನ ತಳದಿಂದ ಒಂದು ಸೀಸೆ ತೆಗೆದು ನನ್ನ ಕೈಗಿಟ್ಟರು. ಅಂಗೈ ಅಗಲದ ಚಪ್ಪಟೆ ಸೀಸೆ, ನೀರುಹಸಿರು ಗಾಜು, ಗಾಜಿನೊಳಗೆ ಸಣ್ಣ ಸಣ್ಣ ಗುಳ್ಳೆ. ಒಂದು ಮಗ್ಗುಲಲ್ಲಿ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ, ಮುಕ್ಕಾಲು ಪಾಲು ಉದುರಿಹೋಗಿತ್ತು. ಹಳೆಯ ಕಾಂಪೌಂಡರುಗಳ ಕಾಲದ ಪದ್ಧತಿ ಅದು: ಒಂದು ಹಲ್ಲಿನಷ್ಟು ಔಷಧ ಬೆಳಿಗ್ಗೆ, ಒಂದು ಹಲ್ಲಿನಷ್ಟು ರಾತ್ರಿ. ಅಕ್ಷರ ಬಾರದವರಿಗೂ ಲೆಕ್ಕ ತಪ್ಪುವುದಿಲ್ಲ. ಅಜ್ಜಿಯ ತಾಯಿಗೆ ಮೊದಲಿನ ಎರಡು ಮಕ್ಕಳು ಹೆರಿಗೆಯಲ್ಲೇ ಹೋಗಿದ್ದವಂತೆ. ಮೂರನೆಯದು ಅಡ್ಡ ನಿಂತಾಗ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಗುಂಟೂರಿಗೆ ತಂದರಂತೆ. ಊರಲ್ಲಿ ಗಂಡಸು ಡಾಕ್ಟರು ಇದ್ದರೂ ಅವರನ್ನು ಬಾಣಂತಿಕೋಣೆಯ ಹೊಸ್ತಿಲು ದಾಟಿಸುವ ಮಾತೇ ಇರಲಿಲ್ಲ. ಬದುಕಿದ ಆ ಮೂರನೆಯ ಮಗುವೇ ಈ ಅಜ್ಜಿ. ತಾಯಿ ಸಾಯುವವರೆಗೂ ಆ ಸೀಸೆಯನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದರು.

ಮುಂದೆ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಅಲ್ಲಿ ಪರಿಚಯವಾದ ಕ್ರೈಸ್ತ ಧರ್ಮಭಗಿನಿಯೊಬ್ಬರನ್ನು ಕೇಳಿದೆ. ಅವರ ಕಣ್ಣು ಅರಳಿತು. ‘ಅದು ಡಾಕ್ಟರ್ ಮೇರಿ ಗ್ಲೌರಿ’ ಎಂದರು.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1887ರಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಡಾಕ್ಟರಾಗುವುದೇ ಅಪರೂಪವಾಗಿದ್ದ ಕಾಲಕ್ಕೆ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಆ ನಗರದ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುತ್ತಿದ್ದರು. ಒಂದು ಸಣ್ಣ ಪುಸ್ತಿಕೆ ಅವರ ಬದುಕಿನ ದಿಕ್ಕನ್ನೇ ತಿರುಗಿಸಿತು. ಗಂಡಸು ವೈದ್ಯರ ಮುಂದೆ ಬರಲಾಗದೆ ಭಾರತದಲ್ಲಿ ಹೆಂಗಸರು, ಹಸುಗೂಸುಗಳು ಸಾಯುತ್ತಿದ್ದುದನ್ನು ಕಂಡು ಮರುಗಿದ್ದ ಆಗ್ನೆಸ್ ಮೆಕ್‌ಲಾರೆನ್ ಎಂಬ ಸ್ಕಾಟ್‌ಲೆಂಡಿನ ವೈದ್ಯೆಯ ಕುರಿತ ಪುಸ್ತಿಕೆ ಅದು. ಗ್ಲೌರಿ ಅವರು 1919ರಲ್ಲಿ ಎಂ.ಡಿ. ಮುಗಿಸಿದರು. ಓದಿಗೆ ಆರಿಸಿಕೊಂಡಿದ್ದು ಹೆರಿಗೆ, ಸ್ತ್ರೀರೋಗ, ಕಣ್ಣು. ಹೋಗುವ ಊರಿಗೆ ಏನು ಬೇಕೋ ಅದನ್ನೇ ಕಲಿತುಕೊಂಡು ಹೊರಟರು. 1920ರ ಫೆಬ್ರವರಿಯಲ್ಲಿ ಗುಂಟೂರಿಗೆ ಬಂದು ಸನ್ಯಾಸ ಸ್ವೀಕರಿಸಿದರು. ಸನ್ಯಾಸಿನಿಯರು ವೈದ್ಯವೃತ್ತಿ ಮಾಡಲು ಆಗ ಅವರ ಕ್ಯಾಥೊಲಿಕ್ ಧರ್ಮಸಭೆಯ ನಿಯಮವೇ ಅಡ್ಡಿಯಾಗಿತ್ತು. ಪೋಪ್ 15ನೇ ಬೆನೆಡಿಕ್ಟ್ ಅವರ ವಿಶೇಷ ಅನುಮತಿ ಪಡೆದು ಇವರು ಸ್ಟೆತೋಸ್ಕೋಪ್ ಹಿಡಿದರು. ಸನ್ಯಾಸಿನಿಯರು ಹೆರಿಗೆ ಮಾಡಿಸುವುದಕ್ಕೆ ರೋಮ್ ಎಲ್ಲರಿಗೂ ಒಪ್ಪಿಗೆ ಕೊಟ್ಟಿದ್ದು 1936ರಲ್ಲಿ!

ಸಣ್ಣ ಔಷಧಾಲಯವಾಗಿದ್ದುದು ಅವರ ಕೈಯಲ್ಲಿ ಸೇಂಟ್ ಜೋಸೆಫ್ ಆಸ್ಪತ್ರೆಯಾಗಿ ಬೆಳೆಯಿತು. ಬಹುಕಾಲ ಅಲ್ಲಿದ್ದ ಡಾಕ್ಟರು ಅವರೊಬ್ಬರೇ. ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ: ಅವರು ಅಲ್ಲಿನ ಹೆಣ್ಣುಮಕ್ಕಳನ್ನೇ ಸೂಲಗಿತ್ತಿಯರಾಗಿ, ದಾದಿಯರಾಗಿ, ಔಷಧ ಬೆರೆಸುವವರಾಗಿ ತಯಾರು ಮಾಡಿದರು. ಅಜ್ಜಿಯ ಸೀಸೆಗೆ ಆ ಹಲ್ಲುಪಟ್ಟಿ ಕತ್ತರಿಸಿ ಅಂಟಿಸಿದ್ದು ಅಂಥ ಒಬ್ಬ ಹುಡುಗಿಯೇ ಇರಬೇಕು ಎಂದು ನನಗೆ ಇಂದಿಗೂ ಅನಿಸುತ್ತದೆ. 1943ರಲ್ಲಿ ದೇಶದ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದವರೂ ಅವರೇ. 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು.

ನಾನು ಲಿಂಗ ಕಟ್ಟಿಕೊಂಡ ಮನೆಯವಳು. ಆದರೂ ಜನ 34 ವರ್ಷ ನನ್ನನ್ನು ಕರೆದಿದ್ದು ‘ಸಿಸ್ಟರ್’ ಎಂದೇ. ಆ ಹೆಸರು ನಮ್ಮ ವೃತ್ತಿಗೆ ಬಂದಿದ್ದೇ ರೋಗಿಗಳ ಸೇವೆಗೆ ನಿಂತ ಇಂಥ ಸನ್ಯಾಸಿನಿಯರಿಂದ. ಅದರ ಋಣ ನನ್ನ ಮೇಲಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಒಂದು ರಾತ್ರಿ ತಾಂಡಾದಿಂದ ಒಬ್ಬ ಹೆಂಗಸು ಬಂದಳು. ಹನ್ನೊಂದು ದಿನಗಳಿಂದ ರಕ್ತಸ್ರಾವ. ಸೀರೆಯ ಮೇಲೆ ಸೀರೆ ಸುತ್ತಿಕೊಂಡು, ಮನೆಯ ಗಂಡಸರಿಗೂ ಹೇಳದೆ ಕಬ್ಬಿನ ಹೊಲದ ಕೆಲಸಕ್ಕೆ ಹೋಗಿದ್ದಳು. ಪಾಳಿಯಲ್ಲಿದ್ದ ವೈದ್ಯರು ಒಳ್ಳೆಯವರು, ಕೈಗುಣವಿದ್ದವರು. ಆದರೆ ಅವರು ಪರದೆ ಸರಿಸುತ್ತಿದ್ದಂತೆಯೇ ಇವಳು ಮೊಣಕಾಲು ಬಿಗಿದು ಗೋಡೆಗೆ ತಿರುಗಿಬಿಟ್ಟಳು. ನನ್ನ ಮಣಿಕಟ್ಟು ಹಿಡಿದು, ಬಿಡದೆ, ‘ಹೆಣ್ಣು ಡಾಕ್ಟರು ಇಲ್ಲವೇ ಸಿಸ್ಟರಮ್ಮಾ?’ ಎಂದು ಕೇಳಿದಳು. ಇರಲಿಲ್ಲ. ಮಂಜೂರಾದ ಹುದ್ದೆ ಇತ್ತು, ಕುರ್ಚಿ ಖಾಲಿಯಿತ್ತು. ಅವಳನ್ನು ಒಪ್ಪಿಸುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ದೊಡ್ಡಾಸ್ಪತ್ರೆಗೆ ಕಳುಹಿಸಿದೆವು, ಬದುಕಿದಳು. ಆ ಒಂದು ಗಂಟೆಯನ್ನು ನಾನು ಮರೆತಿಲ್ಲ.

ಮೆಲ್ಬರ್ನಿನಲ್ಲಿ ಕೂತ ಹೆಣ್ಣುಮಗಳೊಬ್ಬಳ ಎದೆಗೆ ನೂರು ವರ್ಷಗಳ ಹಿಂದೆ ನಾಟಿದ ಸಂಕಟ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಮುಗಿದಿಲ್ಲ. ಈಗ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರು ಕಡೆಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಲ್ಯಾಣ ಕರ್ನಾಟಕದವರಿಗೆ ಓದು, ಕೆಲಸಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ಬಿಳಿ ಕೋಟು ತೊಟ್ಟಿದ್ದಾರೆ. ಅವರನ್ನು ಕಂಡರೆ ನನಗೆ ಹೆಮ್ಮೆ ಉಕ್ಕುತ್ತದೆ. ಆದರೆ ಓದು ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದವರಲ್ಲಿ ಗಂಗಾವತಿಗೋ ದೇವದುರ್ಗಕ್ಕೋ ಕುಷ್ಟಗಿಗೋ ಮರಳಿದವರನ್ನು ನಾನು ಕಂಡಿದ್ದು ಕಡಿಮೆ. ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಬಾಗಿಲಿಗೆ ಚಿಲಕವಿಲ್ಲದ, ನಲ್ಲಿಯಲ್ಲಿ ನೀರು ಬಾರದ ಕ್ವಾರ್ಟರ್ಸಿನಲ್ಲಿ ಒಂಟಿ ಹುಡುಗಿಯನ್ನು ಇರು ಎಂದರೆ ಯಾವ ತಾಯಿ ಕಳುಹಿಸುತ್ತಾಳೆ? ಸರ್ಕಾರ ಮೊದಲು ಆ ಬಾಗಿಲಿಗೆ ಚಿಲಕ ಹಾಕಿಸಲಿ, ಕಾವಲಿಗೊಬ್ಬರನ್ನು ಕೊಡಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬರಾದರೂ ವೈದ್ಯೆ ಇರುವಂತೆ ಮಾಡಲಿ.

ಮಕ್ಕಳೇ, ನಿಮಗೂ ಒಂದು ಮಾತು. ಗ್ಲೌರಿ ಅವರಂತೆ ಇಡೀ ಜೀವಮಾನ ಕೊಡಿ ಎಂದು ಕೇಳುವ ಅಧಿಕಾರ ನನಗಿಲ್ಲ. ಮೂರು ವರ್ಷ ಕೊಡಿ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಮೇಲೆ ಹಾದುಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂಟೂರು ಒಂದು ರಾತ್ರಿಯ ದಾರಿ. ಅವರು ಬಂದಿದ್ದು ಸಮುದ್ರ ದಾಟಿ.

ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ರಾತ್ರಿ ಪಾಳಿಯ ವೈದ್ಯೆ ಯಾರಾದರೂ ಬಂದರೆ, ಮೊದಲ ಮೂರು ತಿಂಗಳು ಅವರ ಜೊತೆ ಹೆರಿಗೆ ಕೋಣೆಯಲ್ಲಿ ಕೂರಲು ನಾನು ಸಿದ್ಧ. ಸಂಬಳ ಬೇಡ. ಮೊಣಕಾಲು ಸ್ವಲ್ಪ ನೋಯುತ್ತದೆ, ಕೈ ಇನ್ನೂ ಗಟ್ಟಿಯಾಗಿವೆ. ವಿಳಾಸ ತಮ್ಮ ಕಚೇರಿಯಲ್ಲಿರಲಿ.

ಇಂತಿ ತಮ್ಮ ಓದುಗಾರ್ತಿ,
ನಿವೃತ್ತ ಶುಶ್ರೂಷಕಿ, ಗಂಗಾವತಿ