ಅಂಗಡಿಯ ಡಬ್ಬ ಎಸೆಯದಂತೆ ಒಂದು ಆದೇಶ ಹೊರಡಿಸಿ: ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ, ಗೋಡಂಬಿ ಇಂಥವುಗಳಲ್ಲಿ ಯಾವುದೋ ಒಂದು ಮೈಗೆ ಆಗದ ಮಕ್ಕಳು ನಮ್ಮ ಜಿಲ್ಲೆಯ ಶಾಲೆ, ಅಂಗನವಾಡಿಗಳಲ್ಲಿ ಇದ್ದಾರೆ. 'ಒಗ್ಗಲ್ಲ' ಎಂಬ ಮಾತನ್ನು ನಾವು ತೀರ ಸಡಿಲವಾಗಿ ಬಳಸುತ್ತೇವೆ. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿದರೂ ಒಗ್ಗಲಿಲ್ಲ ಎನ್ನುತ್ತೇವೆ. ಅಲರ್ಜಿಯ ದಾರಿಯೇ ಬೇರೆ. ಆಹಾರದಲ್ಲಿರುವ ಪ್ರೋಟೀನನ್ನು ಮಗುವಿನ ದೇಹ ಶತ್ರುವೆಂದು ತಿಳಿದು ತಿರುಗಿ ಬೀಳುತ್ತದೆ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ ಏಳುತ್ತದೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ, ಉಸಿರು ಕಟ್ಟುತ್ತದೆ. ಇಂಥ ಮಗುವಿನ ತಂದೆತಾಯಿ ನೆಚ್ಚಿಕೊಳ್ಳುವುದು ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನು. ಆ ಅಕ್ಷರಗಳು ಮಗುವಿನ ಮನೆ ತಲುಪುವಷ್ಟರಲ್ಲಿ ದಾರಿಯಲ್ಲೇ ಕಳೆದುಹೋಗುತ್ತಿವೆ. ಅದನ್ನು ತಡೆಯುವುದು ಬಹುಮಟ್ಟಿಗೆ ಜಿಲ್ಲಾಡಳಿತದ ಕೈಯಲ್ಲೇ ಇದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ಕಾನೂನಿಗೆ ಕೊರತೆಯಿಲ್ಲ. 2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ನಿಯಮಗಳ ಪ್ರಕಾರ ಎಂಟು ಬಗೆಯ ಅಲರ್ಜಿಕಾರಕಗಳನ್ನು 'ಕಂಟೇನ್ಸ್' (ಇದೆ) ಎಂದು ಬೇರೆಯಾಗಿಯೇ ನಮೂದಿಸಬೇಕು: ಗೋಧಿ, ಬಾರ್ಲಿಯಂಥ ಗ್ಲುಟನ್ ಇರುವ ಧಾನ್ಯ, ಸಿಗಡಿ-ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಕಿಲೋಗೆ 10 ಮಿಲಿಗ್ರಾಂ ಮುಟ್ಟಿದ ಸಲ್ಫೈಟ್ (ತಿಂಡಿ ಕೆಡದಂತೆ ಬೆರೆಸುವ ರಾಸಾಯನಿಕ). ಪಕ್ಕದ ಯಂತ್ರದಿಂದ ಬೆರೆತಿರುವ ಸಾಧ್ಯತೆಯಿದ್ದರೆ 'ಮೇ ಕಂಟೇನ್' (ಇರಬಹುದು) ಎಂದು ಹಾಕಬಹುದು. ಲೇಬಲ್ ನಿಯಮ ಮುರಿದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ 3 ಲಕ್ಷ ರೂಪಾಯಿವರೆಗೆ ದಂಡವಿದೆ. ಅದನ್ನು ತೀರ್ಮಾನಿಸುವವರು ಅಪರ ಜಿಲ್ಲಾಧಿಕಾರಿಗಳ ದರ್ಜೆಯವರು, ಅಂದರೆ ತಮ್ಮ ಕಚೇರಿಯವರೇ.

ಆದರೆ ಅದೇ ನಿಯಮದಲ್ಲಿ ಒಂದು ವಿನಾಯಿತಿ ಇದೆ, ಮಕ್ಕಳ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಕಿಂಡಿ ಅದೇ. ಹೊರಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇರಬೇಕಿಲ್ಲ. ಒಂದು ರೂಪಾಯಿಯ ಚಾಕೊಲೇಟಿನ ಕಾಗದವನ್ನು ಉಗುರಿನಿಂದ ನೀವಿ, ಚಪ್ಪಟೆ ಮಾಡಿ ನೋಡಿ. ಹೆಸರಿದೆ, ಹಸಿರು ಚುಕ್ಕಿ ಇದೆ, ತಯಾರಕರ ವಿಳಾಸ ಇದೆ. ಒಳಗಿರುವುದು ಹಾಲಿನ ಪುಡಿಯೋ ಸೋಯಾವೋ, ಅದರ ಸುಳಿವೇ ಇಲ್ಲದಿರಬಹುದು. ಆ ವಿವರ ಇರಬೇಕಾದ್ದು ಅಂಗಡಿಗೆ ಬಂದ ದೊಡ್ಡ ಡಬ್ಬ ಅಥವಾ ರಟ್ಟಿನ ಪೆಟ್ಟಿಗೆಯ ಮೇಲೆ. ಅಂಗಡಿಯಲ್ಲಿ ಆಗುವುದೇನು? ಪೆಟ್ಟಿಗೆ ಮೊದಲ ದಿನವೇ ರದ್ದಿಗೆ ಹೋಗುತ್ತದೆ. ಚಾಕೊಲೇಟ್, ಸಣ್ಣ ಚಿಕ್ಕಿ, ಜೆಲ್ಲಿಗಳು ಗಾಜಿನ ಭರಣಿಗೆ ಇಳಿಯುತ್ತವೆ. ಹಳೆಯ ಡಬ್ಬದೊಳಗೆ ಬೇರೆ ಕಂಪನಿಯ ಮಾಲು ಸುರಿಯುವುದೂ ಉಂಟು. ಇದು ಇನ್ನೂ ಅಪಾಯ, ಏಕೆಂದರೆ ಆಗ ತಾಯಿ ಓದುವುದು ಇನ್ಯಾವುದೋ ತಿಂಡಿಯ ವಿವರವನ್ನು.

ನಮ್ಮ ಮೊದಲ ಬೇಡಿಕೆ ಇಲ್ಲಿದೆ. ಮಾಲು ಮುಗಿಯುವವರೆಗೆ ಡಬ್ಬ ಅಥವಾ ಪೆಟ್ಟಿಗೆಯ ಲೇಬಲ್ ಇರುವ ಮುಖವನ್ನಾದರೂ ಕತ್ತರಿಸಿ ಇಟ್ಟುಕೊಳ್ಳಬೇಕು, ಗಿರಾಕಿ ಕೇಳಿದರೆ ತೋರಿಸಬೇಕು, ಪದಾರ್ಥಗಳ ಪಟ್ಟಿಯ ಮೇಲೆ ಬೆಲೆಯ ಚೀಟಿ ಅಂಟಿಸಬಾರದು. ಶಾಲೆಗಳ ಸುತ್ತಮುತ್ತಲಿನ ಅಂಗಡಿಗಳಿಗೆ ಹೀಗೊಂದು ಸೂಚನೆ ಕೊಡಿಸಿ. ತಮ್ಮ ಅಧ್ಯಕ್ಷತೆಯ ಜಿಲ್ಲಾ ಆಹಾರ ಸುರಕ್ಷತಾ ಸಲಹಾ ಸಮಿತಿಯ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ಮಾತಿದು.

ಪಟ್ಟಿ ಇದ್ದಾಗಲೂ ಓದುವುದು ಸುಲಭವಲ್ಲ. ಲೇಬಲ್ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ ನಿಯಮ. ಆ ನಿಯಮದಲ್ಲಿ ಕನ್ನಡ ಸೇರಿಸಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಹೆತ್ತೂರು, ಯಸಳೂರಿನ ಅಜ್ಜಿಯೊಬ್ಬರು ಮೊಮ್ಮಗನಿಗೆ ಬಿಸ್ಕತ್ತು ಕೊಳ್ಳುವಾಗ ಕಾಣುವುದು ಹಸಿರು ಚುಕ್ಕಿ ಮಾತ್ರ. ಆ ಚುಕ್ಕಿ ಮಾಂಸ, ಮೊಟ್ಟೆ ಇಲ್ಲವೆನ್ನುತ್ತದೆ ಅಷ್ಟೆ. ಹಾಲು, ಕಡಲೆಕಾಯಿ, ಗೋಧಿಯ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಇಂಗ್ಲಿಷ್ ಬಲ್ಲವರೂ ಎಡವುತ್ತಾರೆ. ಹಾಲು ಕೆಲವೊಮ್ಮೆ ವೇ ಪೌಡರ್, ಕೇಸಿನೇಟ್, ಮಿಲ್ಕ್ ಸಾಲಿಡ್ಸ್ ಎಂಬ ಹೆಸರಿನಲ್ಲಿ ಬಂದು ಕೂತಿರುತ್ತದೆ, ಅದೂ ಈರುಳ್ಳಿ ರುಚಿಯ ಆಲೂ ಚಿಪ್ಸಿನ ಮಸಾಲೆಯಲ್ಲಿ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ. 322 ಎಂಬ ಸಂಖ್ಯೆ ಲೆಸಿಥಿನ್, ಅದು ಹೆಚ್ಚಾಗಿ ಸೋಯಾದ್ದು. ಅಡುಗೆಯ ಇಂಗಿನಲ್ಲಿ ಮೈದಾ ಬೆರೆಸಿರುವುದುಂಟು. ಗೋಧಿ ಅಲರ್ಜಿಯ ಮಗುವಿಗೆ ಅಕ್ಕಿಹಿಟ್ಟಿನ ಕೋಡುಬಳೆಯೂ ಹೀಗೆ ಕೈಕೊಡುತ್ತದೆ. 'ಲ್ಯಾಕ್ಟೋಸ್ ಫ್ರೀ' ಎಂದಿದ್ದರೆ ಹಾಲಿನ ಸಕ್ಕರೆ ತೆಗೆದಿದ್ದಾರೆ ಎಂದರ್ಥ, ಅಲರ್ಜಿ ತರುವ ಪ್ರೋಟೀನ್ ಅಲ್ಲೇ ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಆ ಎಂಟರ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕ 2023ರ ಜನವರಿಯಿಂದ ಎಳ್ಳನ್ನೂ ಕಡ್ಡಾಯ ಮಾಡಿತು, ನಮ್ಮಲ್ಲಿ ಆಗಿಲ್ಲ. ಚಕ್ಕುಲಿ, ಬ್ರೆಡ್ಡು, ಸಂಕ್ರಾಂತಿಗೆ ಬರುವ ಎಳ್ಳುಬೆಲ್ಲದ ಪ್ಯಾಕೆಟ್ಟು, ಎಲ್ಲೆಡೆ ಎಳ್ಳಿರುವ ನಾಡು ನಮ್ಮದು. ದಪ್ಪಕ್ಷರದ 'ಕಂಟೇನ್ಸ್' ಸಾಲನ್ನು ಮಾತ್ರ ನೋಡಿ ಬುಟ್ಟಿಗೆ ಹಾಕಿದರೆ ಎಳ್ಳು ಕಣ್ತಪ್ಪುತ್ತದೆ. ಆದ್ದರಿಂದ ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಓದಬೇಕು, ಆಮೇಲೆ 'ಕಂಟೇನ್ಸ್', ಆಮೇಲೆ 'ಮೇ ಕಂಟೇನ್'. ಅಂಗಡಿಯಲ್ಲಿ ಒಮ್ಮೆ, ಮನೆಯಲ್ಲಿ ಡಬ್ಬಕ್ಕೆ ಸುರಿಯುವ ಮುಂಚೆ ಒಮ್ಮೆ, ಮಗುವಿನ ಕೈಗೆ ಕೊಡುವಾಗ ಮತ್ತೊಮ್ಮೆ. ಕಳೆದ ತಿಂಗಳು ತಿಂದ ಅದೇ ಬಿಸ್ಕತ್ತೇ ಆದರೂ ಸರಿ: ತಯಾರಿಕೆ ಬದಲಾಗಿರಬಹುದು, 10 ರೂಪಾಯಿಯ ಪ್ಯಾಕು ಒಂದು ಕಾರ್ಖಾನೆಯದ್ದು, ದೊಡ್ಡ ಪ್ಯಾಕು ಇನ್ನೊಂದರದ್ದು ಆಗಿರಬಹುದು.

ಈಗ ನಮ್ಮೂರಿನ ತಿಂಡಿಗೆ ಬರೋಣ. ಅಯ್ಯಂಗಾರ್ ಬೇಕರಿಗಳನ್ನು ನಾಡಿಗೆಲ್ಲ ಹಬ್ಬಿಸಿದ ಜಿಲ್ಲೆ ಹಾಸನ, ಅದು ನಮಗೆ ಹೆಮ್ಮೆ. ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕಾಲು ಕಿಲೋ ಕವರಿಗೆ ತುಂಬಿ ಸೀಲು ಮಾಡಿ ನೇತುಹಾಕುವ ನಿಪ್ಪಟ್ಟು, ಮಿಕ್ಸ್ಚರ್, ಖಾರಾಸೇವೆಗಳಿವೆ. ಗಿರಾಕಿ ಬರುವ ಮೊದಲೇ ಸೀಲಾದ ಪೊಟ್ಟಣಕ್ಕೆ ಪೂರ್ತಿ ಲೇಬಲ್ ಬೇಕು, 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯೂ ಬೇಕು. ಬಹಳ ಕಡೆ ಇರುವುದು ಹೆಸರು, ತೂಕ, ಬೆಲೆ. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಇರುವುದು ಎಲ್ಲರಿಗೂ ಗೊತ್ತೆಂಬ ಭಾವನೆ ಇದ್ದೀತು. ನಿಪ್ಪಟ್ಟು ಕರಿದ ಅದೇ ಬಾಣಲೆಯ ಎಣ್ಣೆಯಲ್ಲಿ ಕೋಡುಬಳೆ ಬಿಟ್ಟದ್ದು, ಕಾಂಗ್ರೆಸ್ ಕಡ್ಲೆಬೀಜ ತುಂಬಿದ ಅದೇ ಸೌಟಿನಲ್ಲಿ ಖಾರಾಸೇವೆ ತುಂಬಿದ್ದು ಗಿರಾಕಿಗೆ ಹೇಗೆ ಗೊತ್ತಾಗಬೇಕು? ಎಣ್ಣೆಯದೂ ಒಂದು ಲೆಕ್ಕವಿದೆ. ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಹೆಚ್ಚೂಕಡಿಮೆ ಉಳಿದಿರುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಗಾಣದ ಎಣ್ಣೆಗೆ ಬದಲಾದ ಅಂಗಡಿಯವರು ಅದನ್ನು ಬೋರ್ಡಿನಲ್ಲಿ ಬರೆದರೆ ಎಷ್ಟೋ ಉಪಕಾರ.

ತೂಗಿ ಕೊಡುವ ಸಡಿಲ ತಿಂಡಿಗೆ ಪೊಟ್ಟಣದ ನಿಯಮ ತಾಗುವುದಿಲ್ಲ ನಿಜ. ಆದರೆ ಸಿಹಿತಿಂಡಿಯ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂಬ ಚೀಟಿ 2020ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿದೆ. ಅದೇ ಚೀಟಿಯಲ್ಲಿ 'ಹಾಲು, ಗೋಡಂಬಿ ಇದೆ' ಎಂಬ ಒಂದು ಸಾಲು ಸೇರಿಸಲು ಬೇಕರಿ ಮಾಲೀಕರನ್ನು ಕರೆಸಿ ಕೇಳಿಕೊಳ್ಳಿ. ಒಪ್ಪುತ್ತಾರೆ.

ಬರೆಯುವಾಗ ಪದದ ಬಗ್ಗೆ ಎಚ್ಚರ ಬೇಕು. ನಮ್ಮ ಮಾತಿನಲ್ಲಿ 'ಕಡ್ಲೆ' ಎಂದರೆ ಕಡಲೆಕಾಳು, ಹುರಿಗಡಲೆ, ಕಡಲೆಹಿಟ್ಟು, ಕೊನೆಗೆ ಕಡಲೆಕಾಯಿಯೂ ಹೌದು. ಕಡ್ಲೆಮಿಠಾಯಿಯಲ್ಲಿರುವುದು ಕಡಲೆಕಾಯಿ ಬೀಜ, ಕಡ್ಲೆಹಿಟ್ಟಿನಲ್ಲಿರುವುದು ಕಡಲೆಬೇಳೆ. "ಕಡ್ಲೆ ಹಾಕಿದೀರಾ?" ಎಂದು ತಾಯಿ ಕೇಳುತ್ತಾಳೆ, "ಇಲ್ಲಮ್ಮ, ಹುರಿಗಡಲೆ ಅಷ್ಟೆ" ಎಂದು ಒಬ್ಬರು, "ಕಡ್ಲೆಹಿಟ್ಟು ಅಷ್ಟೆ" ಎಂದು ಇನ್ನೊಬ್ಬರು. ಕಾಂಗ್ರೆಸ್ ಕಡ್ಲೆಬೀಜದ ಪುಡಿ ಉದುರಿಸಿದ್ದು ಇಬ್ಬರಿಗೂ ನೆನಪಾಗುವುದಿಲ್ಲ. ಚೀಟಿಯಲ್ಲಿ 'ಕಡಲೆಕಾಯಿ ಬೀಜ (ಶೇಂಗಾ)' ಎಂದು ಪೂರ್ತಿಯಾಗಿಯೇ ಇರಲಿ.

ಶಾಲೆಯ ವಿಷಯ. ಹುಟ್ಟುಹಬ್ಬದ ದಿನ ತರಗತಿಗೆಲ್ಲ ಹಂಚುವ ಚಾಕೊಲೇಟ್ ಮೇಲೆ ಹೇಳಿದ ಅದೇ ಪಟ್ಟಿಯಿಲ್ಲದ ಚಾಕೊಲೇಟ್. ಹಂಚುವುದನ್ನು ನಿಲ್ಲಿಸಿ ಎನ್ನುತ್ತಿಲ್ಲ. ಅಲರ್ಜಿ ಇರುವ ಮಗುವಿನ ಮನೆಯವರು ಕೊಟ್ಟ ತಿಂಡಿಯ ಡಬ್ಬಿಯೊಂದು ಶಿಕ್ಷಕರ ಬೀರುವಿನಲ್ಲಿದ್ದರೆ ಆ ಮಗುವಿಗೂ ಅದೇ ಗಳಿಗೆಯಲ್ಲಿ ಏನಾದರೂ ಸಿಗುತ್ತದೆ. ದಾಖಲಾತಿ ಅರ್ಜಿಯಲ್ಲಿ 'ಯಾವ ಆಹಾರ ಅಲರ್ಜಿ, ತಿಂದರೆ ಏನಾಗುತ್ತದೆ' ಎಂಬ ಎರಡು ಸಾಲು ಸೇರಿಸಲು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ತಿಳಿಸಿ. ಮೊಟ್ಟೆ, ಕ್ಷೀರಭಾಗ್ಯದ ಹಾಲು, ಹಾಲಿನಲ್ಲಿ ಕಲಸುವ ರಾಗಿ ಮಾಲ್ಟ್ ಬಡಿಸುವ ಅಡುಗೆಯವರಿಗೆ ಆ ಹೆಸರುಗಳು ಗೊತ್ತಿರಬೇಕು. "ಸ್ವಲ್ಪ ಕುಡಿ, ಏನಾಗಲ್ಲ" ಎಂಬ ಪ್ರೀತಿಯ ಬಲವಂತ ಇಲ್ಲಿ ಸಲ್ಲದು.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪುತ್ತದೆ. ಉಸಿರಾಟಕ್ಕೆ ತೊಂದರೆಯಾಗಿ, ಮಗು ಸೋತು ಜೋತುಬಿದ್ದಾಗ ಮೊದಲ ಔಷಧಿ ಅಡ್ರಿನಲಿನ್. 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲಿನಿಂದ ಕಿಲೋ ತೂಕಕ್ಕೆ 0.01 ಮಿಲಿಲೀಟರ್, ಅಂದರೆ 20 ಕಿಲೋ ಮಗುವಿಗೆ 0.2, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಸುಧಾರಿಸದಿದ್ದರೆ 5ರಿಂದ 15 ನಿಮಿಷ ಬಿಟ್ಟು ಮತ್ತೊಮ್ಮೆ. ಆಗುವ ತಪ್ಪೆಂದರೆ ಆಂಟಿಹಿಸ್ಟಮಿನ್, ಸ್ಟೆರಾಯ್ಡ್ ಕೊಟ್ಟು ಕಾಯುವುದು. ಅವು ಗಂಧೆಯ ತುರಿಕೆ ಇಳಿಸಬಹುದು, ಮುಚ್ಚುತ್ತಿರುವ ಉಸಿರಿನ ದಾರಿಯನ್ನು ಹೊತ್ತಿಗೆ ಸರಿಯಾಗಿ ತೆರೆಯಲಾರವು. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಡಲು ಕಷ್ಟವಾದರೆ ಕೂರಿಸಬೇಕು, ಎದ್ದು ನಡೆಸಬಾರದು. ಹಾನುಬಾಳಿನಂಥ ಕಡೆಯಿಂದ ಮಳೆಗಾಲದಲ್ಲಿ 108 ವಾಹನ ಹಾಸನ ಮುಟ್ಟಲು ಹಿಡಿಯುವ ಸಮಯ ತಮಗೆ ತಿಳಿದೇ ಇದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವಧಿ ಮೀರದ ಅಡ್ರಿನಲಿನ್, 1 ಮಿಲಿಲೀಟರಿನ ಸಿರಿಂಜು, ತೂಕಕ್ಕೆ ತಕ್ಕ ಪ್ರಮಾಣದ ಪಟ್ಟಿ ಗೋಡೆಯ ಮೇಲೆ ಇವೆಯೇ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ವರದಿ ತರಿಸಿಕೊಳ್ಳಿ.

ಲೇಬಲ್ಲಿನ ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಕೊಡುವ ಒಂದು ಪುಟದ ಪಟ್ಟಿ ನಮ್ಮಲ್ಲಿ ತಯಾರಿದೆ. ಆಹಾರ ಸುರಕ್ಷತೆಯ ಅಂಕಿತಾಧಿಕಾರಿಗಳು ಪರಿಶೀಲಿಸಿ ಒಪ್ಪಿದರೆ ನ್ಯಾಯಬೆಲೆ ಅಂಗಡಿ, ಶಾಲೆ, ಅಂಗನವಾಡಿಗಳ ಗೋಡೆಗೆ ಅಂಟಿಸಬಹುದು. ಮುಂದಿನ ಶಾಲಾ ವರ್ಷ ಶುರುವಾಗುವ ಮೊದಲು ಒಂದು ದಿನ ಸಮಯ ಕೊಡಿ, ಪಟ್ಟಿಯ ಜೊತೆಗೆ ಹತ್ತು ಬಗೆಯ ಪೊಟ್ಟಣಗಳನ್ನೂ ತಂದು ತಮ್ಮ ಮೇಜಿನ ಮೇಲೆ ಇಡುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಆಹಾರ ಅಲರ್ಜಿ ಇರುವ ಮಕ್ಕಳ ಪೋಷಕರು, ಶಿಕ್ಷಕರು ಮತ್ತು ಆರೋಗ್ಯ ಸಿಬ್ಬಂದಿ
ಹಾಸನ