ಶನಿವಾರದ ಮಾತುಕತೆ: ಸಾಲ ಬೇಕಾ, ಬೇಡವಾ?

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 11ಕ್ಕೆ ಸಾಮಾಜಿಕ ಹೂಡಿಕೆ ಬಗ್ಗೆ ಆನ್‌ಲೈನ್‌ನಲ್ಲಿ ಕೂತು ಮಾತಾಡೋಣ. ಟ್ರಸ್ಟಿಗಳು ಮತ್ತು ಲೆಕ್ಕ ನೋಡುವವರು ತಪ್ಪದೆ ಬನ್ನಿ. ಉಳಿದವರಿಗೂ ಸ್ವಾಗತ.

ಸಾಮಾಜಿಕ ಹೂಡಿಕೆ ಅಂದರೆ ದೇಣಿಗೆಯಾ ಅಂತ ಹೋದ ಸಲ ಒಂದು ಗೊಂದಲ ಆಯಿತು, ನೆನಪಿದೆ ಅಲ್ವಾ? ಇದು ದೇಣಿಗೆ ಅಲ್ಲ. ವಾಪಸ್ ಕೊಡಬೇಕಾದ ಹಣ, ಸಾಮಾನ್ಯವಾಗಿ ಬಡ್ಡಿ ಸಮೇತ. ಹೂಡುವವರು ಲಾಭದ ಜೊತೆಗೆ ಸಮಾಜಕ್ಕೆ ಏನು ಒಳ್ಳೆಯದಾಯಿತು ಅಂತಲೂ ನೋಡುತ್ತಾರೆ, ಮಾಮೂಲಿ ಸಾಲಕ್ಕೂ ಇದಕ್ಕೂ ಅಷ್ಟೇ ವ್ಯತ್ಯಾಸ. ಹಾಗಾಗಿ ಆದಾಯದ ದಾರಿ ಇಲ್ಲದ ಕೆಲಸಕ್ಕೆ ಸುಮ್ನೆ ಸಾಲ ತೆಗೆಯೋದು ನನಗಂತೂ ಸರಿ ಕಾಣುವುದಿಲ್ಲ. ಕಟ್ಟಡ ಕೊಳ್ಳಲು, ಅಥವಾ ಗುತ್ತಿಗೆಯ ಹಣ ಕೈಗೆ ಬರುವ ತನಕ ಸಂಬಳ ಕೊಡಲು ಇದು ಹೊಂದುತ್ತದೆ. ಅನುದಾನ, ಸಾಲ ಎರಡೂ ಬೆರೆತ ಹಣವೂ ಕೆಲವೊಮ್ಮೆ ಸಿಗುತ್ತದೆ.

ಫಲಿತಾಂಶ ಬಂದರೆ ಮಾತ್ರ ಹೂಡಿಕೆದಾರರಿಗೆ ಹಣ ಸಿಗುವ ಬಾಂಡ್ ಬಗ್ಗೆಯೂ ಒಬ್ಬರು ಕೇಳಿದ್ದರು. ಅಂಥದ್ದು ಮೊದಲು ಶುರುವಾಗಿದ್ದು 2010ರಲ್ಲಿ, ಇಂಗ್ಲೆಂಡಿನ ಪೀಟರ್‌ಬರೋ ಜೈಲಿನಲ್ಲಿ. ಸಣ್ಣ ಸಂಸ್ಥೆಗೆ ಅದರ ತಲೆನೋವು ಜಾಸ್ತಿ.

ಬರುವಾಗ ಮುಂದಿನ 12 ತಿಂಗಳ ಹಣದ ಹರಿವಿನ ಅಂದಾಜು ತನ್ನಿ. ಸಾಲ ಪಡೆಯಲು ನಿಮ್ಮ ಸಂಸ್ಥೆಯ ನಿಯಮಾವಳಿಯಲ್ಲಿ ಅವಕಾಶ ಇದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ಬರುವವರು ಗುರುವಾರ ಸಂಜೆಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಪ್ರಶ್ನೆ ಇದ್ದರೆ ಈಗಲೇ ಕಳಿಸಿ.