ಮಗಳಿಗೊಂದು ಪತ್ರ: ಬಿಟ್ಟಿ ಮಾಡ್ಕೊಡ್ತೀಯಲ್ಲ, ಆ ಕೆಲ್ಸದ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಲ್ಲಿ ಕೆಲ್ಸ ಬಿಟ್ಟು ಆನ್‌ಲೈನಲ್ಲಿ ಬಟ್ಟೆ ಮಾರ್ತೀನಿ ಅಂದ್ಯಲ್ಲ, ಆಗ ಏನೂ ಹೇಳಕ್ಕಾಗ್ಲಿಲ್ಲ, ನಂಗೆ ಫೋನಲ್ಲಿ ಮಾತು ಬರಲ್ಲ ಅಂತ ನಿಂಗೆ ಗೊತ್ತಿರೋದೇ, ಅದಕ್ಕೆ ಬರೀತಿದೀನಿ. ಬಿಸಿನೆಸ್ ಬೇಡ ಅಂತಿಲ್ಲ. ಬಟ್ಟೇನೇ ಯಾಕೆ ಅಂದಾಗ "ಎಲ್ಲಾರೂ ಮಾಡ್ತಿದಾರೆ ಅಪ್ಪಾ, ಚೆನ್ನಾಗ್ ನಡೀತಿದೆ" ಅಂದೆ ನೋಡು, ಅದು ಕೇಳಿ ರಾತ್ರಿ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಇದೇ ಮಾತು ಹೇಳ್ಕೊಂಡೇ ನಾನೂ ಒಂದ್ಸಲ ಬಟ್ಟೆ ಅಂಗಡಿ ಹಾಕಿದ್ದೆ.

ನೀನಾಗ ತೀರಾ ಚಿಕ್ಕೋಳು. ಯಾವ ಬಣ್ಣ ಓಡುತ್ತೆ, ಯಾವ ಸೈಜ್ ಎಷ್ಟು ತರಿಸ್ಬೇಕು, ಯಾವ ಮಾಲು ಒಂದೇ ಒಗೆತಕ್ಕೆ ಬಣ್ಣ ಬಿಡುತ್ತೆ, ನಂಗೆ ಒಂದೂ ಗೊತ್ತಿರ್ಲಿಲ್ಲ. ತಮಾಷೆ ಏನಂದ್ರೆ ಅಂಗಡಿಗೆ ಜನ ಬರ್ತಾನೇ ಇದ್ರು, ಕೆಟ್ಟ ಫ್ಯಾನು, ಮಿಕ್ಸಿ ಹಿಡ್ಕೊಂಡು. ಮೋಟರ್ ಸದ್ದು ಕೇಳಿದ್ರೆ ಸಾಕು, ಬೇರಿಂಗ್ ಹೋಗಿದ್ಯಾ ಕಾರ್ಬನ್ ಬ್ರಶ್ ಸವೆದಿದ್ಯಾ ಅಂತ ಹೇಳ್ತಿದ್ದೆ, ಗಲ್ಲಾದ ಹಿಂದೆ ಕೂತು ಬಿಚ್ಚಿ ಸರಿ ಮಾಡಿ ಕೊಡ್ತಿದ್ದೆ, ದುಡ್ಡು ಕೇಳಕ್ಕೆ ನಾಚಿಕೆ, ಐದು ನಿಮಿಷದ ಕೆಲ್ಸಕ್ಕೆ ಏನು ತಗೊಳ್ಳೋದು ಅಂತ. ಎರಡು ವರ್ಷಕ್ಕೆ ಅಂಗಡಿ ಮುಚ್ತು. ಮಿಕ್ಸಿಯೋರು ಆಮೇಲೂ ಮನೆ ಹುಡ್ಕೊಂಡು ಬಂದ್ರು. ಆಗ್ಲೂ ಹೊಳೀಲಿಲ್ಲ ನೋಡು, ಎಂಥಾ ಪೆದ್ದ ನಾನು.

ನಮಗೆ ಸಲೀಸಾಗಿ ಬರೋದು ನಮ್ಮ ಕಣ್ಣಿಗೆ ಕೆಲ್ಸದ ಥರ ಕಾಣೋದೇ ಇಲ್ಲ. ನಿಂದೂ ಅದೇ ಕಥೆ. ಯಾರದ್ದೋ ಎಕ್ಸೆಲ್ ಶೀಟ್ ಗೋಜಲಾಗಿದ್ರೆ, ಸ್ಟಾಕಿಗೂ ಬಿಲ್ಲಿಗೂ ತಾಳೆ ಆಗ್ದಿದ್ರೆ ನಿಂಗೇ ಮೊದ್ಲು ಮೆಸೇಜ್ ಬರುತ್ತೆ, "ಸ್ವಲ್ಪ ನೋಡ್ತೀಯಾ" ಅಂತ. ನೀನು ಊಟ ಬಿಟ್ಟು ಕೂರ್ತೀಯ, ಸರಿ ಮಾಡಿ "ಇಷ್ಟು ಸುಲಭದ್ದು ಇವ್ರಿಗ್ಯಾಕೆ ಬರಲ್ವೋ" ಅಂತ ಬೈಕೋತೀಯ. ಆ ಬೈಗುಳದಲ್ಲೇ ನಿನ್ನ ಬಂಡವಾಳ ಇದೆ ಪುಟ್ಟಿ.

ಇದು ನನ್ನೊಬ್ಬನ ಲೆಕ್ಕಾಚಾರ ಅಲ್ಲ. ಸರಸ್ ಸರಸ್ವತಿ ಅಂತ ಸಂಶೋಧಕಿ, ಅವ್ರು 27 ಜನ ಪಳಗಿದ ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ಪ್ರಾಡಕ್ಟ್ ಇಟ್ಟು, ಇದ್ರಿಂದ ಕಂಪನಿ ಕಟ್ಟೋದು ಹೇಗೆ ಅಂತ ಯೋಚ್ನೆ ಮಾಡ್ತಾ ಮಾಡ್ತಾ ಬಾಯ್ಬಿಟ್ಟು ಹೇಳಿ ಅಂದ್ರಂತೆ. ದೊಡ್ಡ ಮಾರ್ಕೆಟ್ ಎಲ್ಲಿದೆ ಅಂತ ಹುಡುಕೋದಕ್ಕಿಂತ ನಾನು ಯಾರು, ನಂಗೇನು ಗೊತ್ತು, ನಂಗೆ ಯಾರು ಗೊತ್ತು ಅನ್ನೋದ್ರಿಂದ್ಲೇ ಹೆಚ್ಚಿನವ್ರು ಶುರು ಮಾಡಿದ್ರು. 2001ರಲ್ಲಿ ಅವ್ರು ಬರೆದ ಲೇಖನ ಇದರ ಮೇಲೇ ನಿಂತಿರೋದು.

ಫ್ಯೂಜಿಫಿಲ್ಮ್‌ದು ಇನ್ನೂ ಮಜಾ ಇದೆ. 1934ರಿಂದ ಕ್ಯಾಮೆರಾ ರೀಲ್ ಮಾಡ್ಕೊಂಡಿದ್ದ ಕಂಪನಿ, ಡಿಜಿಟಲ್ ಬಂದು ರೀಲ್ ಕೇಳೋರೇ ಇಲ್ದಂಗಾದಾಗ ನಮ್ಮ ಹತ್ರ ನಿಜವಾಗ್ಲೂ ಇರೋ ವಿದ್ಯೆ ಏನು ಅಂತ ಕೂತು ನೋಡಿದ್ರು. ರೀಲಲ್ಲಿರೋ ಜೆಲಟಿನ್ ಬರೋದು ಕೊಲಾಜನ್ ಅನ್ನೋ ಪ್ರೋಟೀನ್‌ನಿಂದ, ಚರ್ಮದಲ್ಲಿರೋದೂ ಕೊಲಾಜನ್ನೇ, ಫೋಟೋ ಮಾಸ್ದಂಗೆ ತಡೆಯೋ ಆಂಟಿಆಕ್ಸಿಡೆಂಟ್ ವಿಷ್ಯದಲ್ಲಿ ಇವ್ರು ಮೊದ್ಲಿಂದ್ಲೂ ಪಳಗಿದೋರು. 2007ರಲ್ಲಿ ಅಸ್ಟಾಲಿಫ್ಟ್ ಅಂತ ಮುಖಕ್ಕೆ ಹಚ್ಚೋ ಕ್ರೀಮ್ ತಂದ್ರು! ಹೊರಗಿನವ್ರಿಗೆ ಇದೇನು ಹುಚ್ಚು ಅನ್ಸಿರುತ್ತೆ, ಒಳಗಿದ್ದೋರಿಗೆ ಅದು ಹಳೇ ಪಾಠಾನೇ.

ಒಂದು ಎಚ್ಚರಿಕೆ. ಚೆನ್ನಾಗಿ ಬರುತ್ತೆ ಅಂದ ಮಾತ್ರಕ್ಕೆ ಬಿಸಿನೆಸ್ ಆಗಲ್ಲ, ದುಡ್ಡು ಕೊಡೋ ಮನುಷ್ಯ ಬೇಕು. ಬಿಟ್ಟಿ ಆದ್ರೆ ಹತ್ತು ಜನ ಬರ್ತಾರೆ, ರೇಟ್ ಹೇಳಿದ್ಮೇಲೆ ಎಷ್ಟು ಜನ ಉಳೀತಾರೆ ಅಂತ ನೋಡ್ಬೇಕು. ಅದನ್ನ ನೋಡಕ್ಕೆ ಕೆಲ್ಸ ಬಿಡ್ಬೇಕಾಗಿಲ್ಲ, ಶನಿವಾರ ಭಾನುವಾರ ಸಾಕು. ಎಷ್ಟು ದುಡ್ಡು ಹೋದ್ರೂ ಪರ್ವಾಗಿಲ್ಲ ಅಂತ ಮೊದ್ಲೇ ಬರ್ದಿಡು, ಅದನ್ನ ದಾಟ್ಬೇಡ. ನಾನು ಬರ್ದಿರ್ಲಿಲ್ಲ, ಹಾಗಾಗಿ ನಿಮ್ಮಮ್ಮನ ಬಳೆನೂ ಹೋಯ್ತು.

ಇಷ್ಟು ಹೇಳಿದ್ಮೇಲೂ ಬಟ್ಟೇನೇ ಮಾರ್ತೀನಿ ಅಂದ್ರೆ ಮಾರು, ಪ್ಯಾಕ್ ಮಾಡಕ್ಕೆ ನಾನಿದೀನಿ.

ಅಂದಹಾಗೆ ನಿಮ್ಮ ಮಾವನ ಆಫೀಸಿನ ಶೀಟ್ ಮತ್ತೆ ಕೆಟ್ಟಿದ್ಯಂತೆ, ನಿಂಗೆ ಫೋನ್ ಮಾಡ್ತಾನೆ. ಈ ಸಲ ಬಿಲ್ ಕಳ್ಸು.

ನಿನ್ನ ಅಪ್ಪ